ನಡುವಿನ ಬರಿಮಣ್ಣು

ತುಂಗಭದ್ರೆಯ ದಡದಲ್ಲಿ ಬೋಕಿಹಾಳವೆಂಬ ಊರು. ಅಲ್ಲಿ ಎಲ್ಲಿ ನೇಗಿಲು ಹೂಡಿದರೂ ಹಳೆಯ ಮಡಕೆಯ ಚೂರು ಏಳುತ್ತಿತ್ತು. ಆ ಚೂರಿಗೆ ಬೋಕಿ ಎನ್ನುತ್ತಾರೆ. ಊರಿಗೆ ಹೆಸರು ಬಂದದ್ದು ಹಾಗೆ.

ಊರ ಹೊರಗೆ, ಹೊಳೆಗೆ ಮುಖ ಮಾಡಿ ಒಂದು ಹಾಳು ಕಲ್ಲುಮಂಟಪ. ಅದರಲ್ಲಿ ಪಂಪಯ್ಯ ಎಂಬ ಮುದುಕರು ಇದ್ದರು.

ಅವರು ಮಂತ್ರ ಹೇಳುತ್ತಿರಲಿಲ್ಲ. ವಿಭೂತಿ ಕೊಡುತ್ತಿರಲಿಲ್ಲ. ಆಯುಷ್ಯವೆಲ್ಲ ಹಳೆಯ ಊರುಗಳನ್ನು ಅಗೆದು ನೋಡುವ ಕೆಲಸ ಮಾಡಿ, ಕೊನೆಗೆ ಈ ದಡಕ್ಕೆ ಬಂದು ಕುಳಿತವರು. ಮಣ್ಣಿನ ಪದರ ನೋಡಿ, ಇಲ್ಲಿ ಜನ ಹೇಗಿದ್ದರು, ಏನು ಉಂಡರು, ಯಾವಾಗ ಎದ್ದು ಹೋದರು ಎಂದು ಹೇಳುತ್ತಿದ್ದರು. ಊರವರು ಅವರನ್ನು ಅಜ್ಜಾರು ಎಂದು ಕರೆಯುತ್ತಿದ್ದರು.

ನೆಮ್ಮದಿ ಬೇಡಿಕೊಂಡು ಬಂದವರ ಕೈಗೆ ಅವರು ಒಂದು ಜರಡಿ ಕೊಡುತ್ತಿದ್ದರು. ಬಂದವರಲ್ಲಿ ಬಹಳ ಜನ ಸಂಜೆಗೆ ಎದ್ದು ಹೋಗುತ್ತಿದ್ದರು.

ಹುಲಿಗೆಮ್ಮ ಹೋಗಲಿಲ್ಲ.

ಅವಳು ಗಂಡನ ಜೊತೆ ಕಾಲುವೆ ತೋಡುವ ಗುಂಪಿನಲ್ಲಿ ಈ ಕಡೆ ಬಂದವಳು. ಗಂಡ ಜ್ವರದಲ್ಲಿ ಸತ್ತ. ಅವನನ್ನು ಇಲ್ಲೇ ಮಣ್ಣು ಮಾಡಿದರು. ಕಾಲುವೆ ಮುಂದಕ್ಕೆ ಹೋಯಿತು, ಗುಂಪೂ ಹೋಯಿತು. ಇವಳು ಉಳಿದಳು. ಮಕ್ಕಳಿರಲಿಲ್ಲ. ವರ್ಷಗಟ್ಟಲೆ ಊರವರ ಹೊಲದಲ್ಲಿ ಕಳೆ ತೆಗೆದಳು. ಊರಿನ ಬಾಯಲ್ಲಿ ಅವಳ ಹೆಸರು ‘ಎಲ್ಲಿಂದಲೋ ಬಂದಾಕಿ’ ಎಂದೇ ಉಳಿಯಿತು.

“ಅಜ್ಜಾರ, ನನಗ ಯಾರೂ ಇಲ್ರಿ,” ಅಂದಳು ಮೊದಲ ದಿನ.

ಪಂಪಯ್ಯನವರು ಒಂದು ಬುಟ್ಟಿ ಮಣ್ಣು ತಂದು ಅವಳ ಮುಂದೆ ಇಟ್ಟರು.

“ಸೋಸು.”

ಅವಳು ಹೊತ್ತು ಇಳಿಯುವ ತನಕ ಸೋಸಿದಳು.

“ಏನು ಸಿಕ್ತು?”

“ಕಸ ಸಿಕ್ತ್ರಿ. ಬೋಕಿ, ಮೀನಿನ ಮುಳ್ಳು.”

“ಯಾರ ಕಸ?”

ಅವಳು ಮರುದಿನ ಕರೆಯದೆ ಬಂದಳು. ಅದರ ಮರುದಿನವೂ ಬಂದಳು. ಮಂಟಪದ ಪಕ್ಕದಲ್ಲಿ ಒಂದು ಚಪ್ಪರ ಹಾಕಿಕೊಂಡು ಅಲ್ಲೇ ಇರತೊಡಗಿದಳು. ಮಣ್ಣಿನ ಬಣ್ಣ ಗುರುತಿಸುವುದು, ಬೂದಿಗೂ ಧೂಳಿಗೂ ವ್ಯತ್ಯಾಸ ನೋಡುವುದು, ಒಂದೊಂದೇ ಪದರ ಬಿಡಿಸುವುದು ಕಲಿತಳು. ಪಂಪಯ್ಯನವರು ಅವಳಿಗೆ ಗುರುಗಳಾದರು.

ಆ ವರ್ಷ ಊರಿನಲ್ಲಿ ಜಗಳ ಹುಟ್ಟಿತು.

ಮೇಲಿನ ಕೇರಿಯವರು ಒಕ್ಕಲಿಗರು, ಕೆಳಗಿನ ಕೇರಿಯವರು ಅಂಬಿಗರು. ಹೊಳೆಗೆ ಇಳಿಯುವ ಘಟ್ಟ ಒಂದೇ. ಊರು ಮೊದಲು ಕಟ್ಟಿದವರು ನಾವು, ಘಟ್ಟ ನಮ್ಮದು ಎಂದು ಮೇಲಿನ ಕೇರಿಯವರು ಅಲ್ಲಿ ಜಾಲಿಮುಳ್ಳಿನ ಬೇಲಿ ಬಡಿದರು. ಅಂಬಿಗರ ದೋಣಿಗಳು ನೀರಿನಲ್ಲಿ ನಿಂತವು. ಅಂಬಿಗರ ಹೆಂಗಸರು ನೀರು ತರಲು ಮುಳ್ಳು ಸುತ್ತಿ ಕೆಸರಿನಲ್ಲಿ ಇಳಿಯಬೇಕಾಯಿತು.

ಒಂದು ದಿನ ಎರಡೂ ಕೇರಿಯ ಹಿರಿಯರು ಮಂಟಪಕ್ಕೆ ಬಂದರು.

“ಅಜ್ಜಾರ, ನೀವು ಮಣ್ಣು ಓದ್ತೀರಿ,” ಅಂದ ಮೇಲಿನ ಕೇರಿಯ ಮುದಿಗೌಡ. “ಈ ಊರಾಗ ಮೊದಲು ಯಾರಿದ್ರು, ಒಂದ್ ಮಾತು ಹೇಳಿಬಿಡ್ರಿ.”

“ಹೇಳ್ರಿ ಅಜ್ಜಾರ,” ಅಂದ ಕೆಳಗಿನ ಕೇರಿಯ ಯಂಕಪ್ಪ. “ಮೊದಲು ದೋಣಿ ಬಂತು. ನೇಗಿಲು ಆಮ್ಯಾಲೆ ಬಂತು. ಅದನ್ನ ನಿಮ್ಮ ಬಾಯಾಗ ಕೇಳೂಣು.”

“ನಾ ಹೇಳೂದಿಲ್ಲ,” ಅಂದರು ಪಂಪಯ್ಯನವರು. “ನೀವ ಅಗೀರಿ.”

“ಎಲ್ಲಿ?”

“ನಿಮ್ಮ ನಿಮ್ಮ ಹಿತ್ತಲದಾಗ.”

“ಹೆಂಗ ಅಗೀಬೇಕು, ಯಾರು ತೋರಿಸ್ತಾರ?”

ಪಂಪಯ್ಯನವರು ಹುಲಿಗೆಮ್ಮನ ಕಡೆ ಕೈ ತೋರಿಸಿದರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೆ ಬೇಡವೆನ್ನಲಿಲ್ಲ.

ಸರ್ಕಾರದಿಂದ ಬೇಕಾದ ಅಪ್ಪಣೆಯನ್ನು ಪಂಪಯ್ಯನವರು ತರಿಸಿದರು. ಸುಗ್ಗಿ ಮುಗಿದು ಕೈ ಖಾಲಿಯಾಗಿದ್ದ ಕಾಲ. ಮನೆಮನೆಯ ಹಿತ್ತಲಿನಲ್ಲೂ ಒಂದೊಂದು ಚೌಕದ ಗುಂಡಿ ಬಿತ್ತು. ಗುದ್ದಲಿಯಿಂದ ಹೊಡೆಯುವಂತಿಲ್ಲ, ಗಾರೆಯವರ ಕರಣಿಯಿಂದ ಕೆರೆಯಬೇಕು. ಒಂದು ಪದರದಲ್ಲಿ ಸಿಕ್ಕದ್ದನ್ನು ಇನ್ನೊಂದರ ಜೊತೆ ಕೂಡಿಸುವಂತಿಲ್ಲ. ಹುಲಿಗೆಮ್ಮ ಹಿತ್ತಲಿನಿಂದ ಹಿತ್ತಲಿಗೆ ಓಡಾಡಿದಳು. ಅಷ್ಟು ವರ್ಷದಲ್ಲಿ ಅವಳು ಆ ಊರಿನ ಮನೆಗಳ ಹಿಂದೆ ಕಾಲಿಟ್ಟದ್ದು ಅದೇ ಮೊದಲು.

“ಹುಲಿಗೆಮ್ಮಾ, ಇಲ್ಲಿ ಬಾ, ಇದೇನು ನೋಡು!”

“ಹುಲಿಗೆಮ್ಮಾ, ನಮ್ಮ ಕಡೀಗೂ ಒಂದೀಟು ಬಾರವ್ವಾ!”

ಮುದಿಗೌಡನ ಹಿತ್ತಲಿನಲ್ಲಿ ಗಾಜಿನ ಬಳೆಯ ಚೂರು ಬಂದವು. ಅದರ ಕೆಳಗೆ ಸವೆದ ಬೀಸುಕಲ್ಲು ಬಂತು. ಅವನು ಅವನ್ನು ಜಗುಲಿಯ ಮೇಲೆ ಇಟ್ಟು ಹೋಗಿಬರುವವರನ್ನೆಲ್ಲ ಕರೆದು ತೋರಿಸಿದ. “ನಮ್ಮ ಹಿರೇರು ಬೀಸಿದ ಕಲ್ಲು ಇದು,” ಎನ್ನುತ್ತಿದ್ದ.

ಯಂಕಪ್ಪನ ಹೆಂಡತಿ ಕನಕವ್ವನಿಗೆ ಒಂದು ಬೋಕಿ ಸಿಕ್ಕಿತು. ಮಡಕೆ ಹಸಿ ಇದ್ದಾಗ ಮಾಡಿದವರ ಬೆರಳು ಒತ್ತಿದ ಗುಳಿ ಅದರ ಮೇಲಿತ್ತು. ಕನಕವ್ವ ಅದರಲ್ಲಿ ತನ್ನ ಬೆರಳಿಟ್ಟಳು.

“ಕೂಡತೈತಿ ನೋಡು ಹುಲಿಗೆಮ್ಮಾ! ನನ್ನ ಬೆರಳ ಅಳತೀನ ಐತಿ!”

ಅವಳು ಆ ದಿನವೆಲ್ಲ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದಳು.

ಸಂಜೆಯಾದರೆ ಎಲ್ಲರೂ ಕೈಕಾಲು ತೊಳೆದು ಒಳಗೆ ಹೋಗುತ್ತಿದ್ದರು. ಬಾಗಿಲು ಹಾಕಿಕೊಳ್ಳುತ್ತಿದ್ದರು. ಹುಲಿಗೆಮ್ಮ ಒಬ್ಬಳೇ ಹೊಳೆದಂಡೆಯ ದಾರಿ ಹಿಡಿದು ಮಂಟಪಕ್ಕೆ ಬರುತ್ತಿದ್ದಳು.

“ಅಜ್ಜಾರ, ಎಲ್ಲಾರಿಗೂ ತಮ್ಮ ಹಿತ್ತಲದಾಗ ತಮ್ಮವರು ಸಿಗಾಕತ್ತಾರ,” ಅಂದಳು ಒಂದು ಸಂಜೆ.

“ತಮ್ಮವರು ಅಂತ ಯಾರು ಹೇಳಿದ್ರು?”

“ಅವರ ಹೇಳಾಕತ್ತಾರ್ರಿ.”

“ಇನ್ನೂ ಅಗೀಲಿ.”

ಗುಂಡಿಗಳು ಆಳವಾದವು. ಆಗ ಒಂದು ಹಿತ್ತಲಿನಲ್ಲಿ ಬೋಕಿ ಸಿಗುವುದು ನಿಂತಿತು. ಪಕ್ಕದ ಹಿತ್ತಲಿನಲ್ಲೂ ನಿಂತಿತು. ಕೆಳಗಿನ ಕೇರಿಯಲ್ಲಿ, ಮೇಲಿನ ಕೇರಿಯಲ್ಲಿ, ಎಲ್ಲ ಕಡೆ ತಿಳಿಹಳದಿ ಬಣ್ಣದ ನುಣ್ಣನೆಯ ಮಣ್ಣು ಬಂತು. ಹೊಳೆ ತಂದು ಹಾಕಿದ ಮಣ್ಣು. ಒಂದು ಮೊಳದಷ್ಟು ದಪ್ಪ. ಜರಡಿ ಹಿಡಿದರೆ ಏನೂ ಉಳಿಯುತ್ತಿರಲಿಲ್ಲ. ಜನ ಅದನ್ನು ಬರಿಮಣ್ಣು ಎಂದರು.

ಕೆಲವರು ಗುಂಡಿ ಬಿಟ್ಟು ಎದ್ದರು. ಹುಲಿಗೆಮ್ಮ ಬಿಡಲಿಲ್ಲ. ಇನ್ನೂ ಕೆಳಗೆ ಹೋದಾಗ ಮತ್ತೆ ಬೂದಿ ಬಂತು, ಮತ್ತೆ ಮಡಕೆ ಬಂದವು. ಅವು ದಪ್ಪ ಕಂಠದ, ಬೂದುಬಣ್ಣದ ಮಡಕೆಗಳು. ನುಣುಪಾಗಿ ತಿಕ್ಕಿದ ಕಲ್ಲಿನ ಕೊಡಲಿ ಬಂತು.

ಅವಳು ಗುರುಗಳ ಹತ್ತಿರ ಬಂದಳು.

“ಅಜ್ಜಾರ, ಮ್ಯಾಲೆ ಮಂದಿ ಅದಾರ. ಕೆಳಗ ಮಂದಿ ಅದಾರ. ನಡುವ ಯಾರೂ ಇಲ್ಲ.”

“ಹಂಗಂದ್ರ ಏನು?”

“ಕೆಳಗಿನವರು ಎದ್ದು ಹೋಗ್ಯಾರ. ಆಮ್ಯಾಲೆ ಭಾಳ ಕಾಲ ಹೊಳಿ ಒಂದ ಇಲ್ಲಿಗೆ ಬಂದು ಹೋಗೈತಿ. ಅದಾದ ಮ್ಯಾಲೆ ಬ್ಯಾರೇ ಮಂದಿ ಬಂದಾರ.”

“ಬ್ಯಾರೇ ಅಂತ ಹೆಂಗ ಅಂತಿ?”

“ಗಡಿಗಿ ಬ್ಯಾರೆ ಅದಾವ. ಒಲಿ ಬ್ಯಾರೆ ಅದಾವ. ಮನಿ ಕಟ್ಟಿದ ದಿಕ್ಕೂ ಬ್ಯಾರೆ ಐತಿ.”

ಪಂಪಯ್ಯನವರು ತಲೆಯಾಡಿಸಿದರು.

“ನಾಳೆ ಊರು ಕೂಡತೈತಿ. ಏನು ಹೇಳ್ತಿ?”

“ಕಂಡದ್ದ ಹೇಳ್ತೀನ್ರಿ.”

ಗುರುಗಳು ಇನ್ನೇನೋ ಹೇಳುವರೆಂದು ಅವಳು ಕಾದಳು. ಅವರು ಹೊಳೆಯನ್ನೇ ನೋಡುತ್ತ ಕುಳಿತಿದ್ದರು.

ಮರುದಿನ ಬೇವಿನಕಟ್ಟೆಯ ಸುತ್ತ ಎರಡೂ ಕೇರಿಯವರು ಸೇರಿದರು. ಹುಲಿಗೆಮ್ಮ ಎದ್ದು ನಿಂತಳು. ಮೂರು ಪದರದ ಮಣ್ಣನ್ನೂ ಮೂರು ಬುಟ್ಟಿಯಲ್ಲಿ ಇಟ್ಟು ತೋರಿಸಿದಳು.

“ಮೊದಲಿದ್ದವರು ಊರು ಬಿಟ್ಟು ಹೋಗ್ಯಾರ. ಈಗಿನ ಮ್ಯಾಲಿನ ಕೇರೀನೂ ಮೊದಲಲ್ಲ, ಕೆಳಗಿನ ಕೇರೀನೂ ಮೊದಲಲ್ಲ.”

ಜನ ಪಿಸುಗುಟ್ಟಿದರು. ಅಷ್ಟಕ್ಕೆ ನಿಂತಿದ್ದರೆ ಆಗುತ್ತಿತ್ತು. ಅವಳು ನಿಲ್ಲಲಿಲ್ಲ.

“ನೀವೆಲ್ಲಾರೂ ಎಲ್ಲಿಂದಲೋ ಬಂದವರ. ಈ ಊರು ನಿಮ್ಮಲ್ಲಿ ಯಾರದೂ ಅಲ್ಲ!”

ಆ ಮಾತಿನಲ್ಲಿದ್ದ ಸಂತೋಷ ಅವಳ ಕಿವಿಗೇ ಬಿತ್ತು. ಅವಳು ಬೆಚ್ಚಿದಳು. ಆದರೆ ಮಾತು ಆಗಿ ಹೋಗಿತ್ತು.

ಮುದಿಗೌಡ ಎದ್ದ.

“ಊರು ಇಲ್ಲದಾಕಿ ಬಂದು ನಮಗ ಊರು ಇಲ್ಲಂತಾಳ. ನಡೀರಿ.”

“ನಡೀರಿ,” ಅಂದ ಯಂಕಪ್ಪನೂ.

ಘಟ್ಟಕ್ಕೆ ಬೇಲಿ ಬಡಿದ ಮೇಲೆ ಎರಡು ಕೇರಿಗಳು ಒಂದೇ ಮಾತು ಆಡಿದ್ದು ಅದೇ ಮೊದಲು. ಸಂಜೆಯೊಳಗೆ ಹಿತ್ತಲಿನ ಗುಂಡಿಗಳನ್ನೆಲ್ಲ ಮುಚ್ಚಿದರು. ಕನಕವ್ವ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಕಣ್ಣು ತಗ್ಗಿಸಿಕೊಂಡು ಗಂಡನ ಹಿಂದೆ ಹೋದಳು.

ಅಂದಿನಿಂದ ಹುಲಿಗೆಮ್ಮನನ್ನು ಯಾರೂ ಕರೆಯಲಿಲ್ಲ. ಕೂಲಿಗೂ ಕರೆಯಲಿಲ್ಲ. ಅಂಗಡಿಯಲ್ಲಿ ಅವಳು ನಿಂತರೆ ಮಾತು ನಿಲ್ಲುತ್ತಿತ್ತು, ಅವಳು ದಾಟಿ ಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು. ಮೊದಲು ಎಲ್ಲಿಂದಲೋ ಬಂದಾಕಿ ಎಂದಾದರೂ ಅನ್ನುತ್ತಿದ್ದರು. ಈಗ ಅದನ್ನೂ ಬಿಟ್ಟರು.

“ನಾ ಸುಳ್ಳು ಹೇಳಿದ್ನೇನ್ರಿ ಅಜ್ಜಾರ?”

“ಇಲ್ಲ.”

“ಮತ್ತ ಹಿಂಗ್ಯಾಕ ಆತ್ರಿ?”

“ಎರಡು ಮಾತು ಹೇಳಿದಿ. ಮೊದಲನೇದು ಊರಿಗೆ ಹೇಳಿದಿ. ಎರಡನೇದು ಯಾರಿಗೆ?”

ಹುಲಿಗೆಮ್ಮ ಎದ್ದು ತನ್ನ ಸೀರೆ, ತಟ್ಟೆ, ಚರಿಗೆ ಗಂಟು ಕಟ್ಟಿದಳು.

“ನಾ ಹೋಗ್ತೀನ್ರಿ.”

“ಎಲ್ಲಿಗೆ?”

ಅವಳು ಗಂಟನ್ನು ತಲೆಯ ಮೇಲೆ ಇಟ್ಟುಕೊಂಡಳು.

“ಹೋಗು,” ಅಂದರು ಪಂಪಯ್ಯನವರು. “ಎಲ್ಲಾರೂ ತಮ್ಮ ಹಿತ್ತಲ ಅಗದ್ರು. ನೀನೂ ನಿಂದು ಅಗದು ಹೋಗು.”

“ನನಗೆಲ್ಲಿ ಹಿತ್ತಲ ಐತ್ರಿ?”

ಗುರುಗಳು ಕೋಲು ಹಿಡಿದು ಎದ್ದರು. ಚಪ್ಪರದ ಪಕ್ಕದಲ್ಲಿ, ಅವಳು ದಿನವೂ ಅಡಿಗೆ ಮಾಡುವ ಜಾಗದಲ್ಲಿ, ನೆಲದ ಮೇಲೆ ಒಂದು ಚೌಕ ಗೀಚಿದರು. ಒಳಗೆ ಹೋಗಿ ಕುಳಿತರು.

ಅವಳು ಗಂಟು ಇಳಿಸಿದಳು.

ಒಬ್ಬಳೇ ಅಗೆದಳು. ಒಬ್ಬಳೇ ಬುಟ್ಟಿ ತುಂಬಿಕೊಂಡು ಮೇಲೆ ಹತ್ತಿದಳು, ಸುರಿದಳು, ಮತ್ತೆ ಇಳಿದಳು. ಮೇಲಿನ ಮಣ್ಣಿನಲ್ಲಿ ಹೆಚ್ಚೇನೂ ಇರಲಿಲ್ಲ. ಊರಿನ ಅಂಚು ಅದು. ಆಮೇಲೆ ಹಳದಿ ಬರಿಮಣ್ಣು ಬಂತು. ಇದರಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ ಅವಳು ಪದರ ಪದರವಾಗಿಯೇ ಬಿಡಿಸಿದಳು. ಅವಳಿಗೆ ಬೇರೆ ಕೆಲಸವಿರಲಿಲ್ಲ.

ಒಂದು ಬೆಳಿಗ್ಗೆ ಆ ಹಳದಿಯ ನಡುವೆ ಮಣ್ಣಿನ ಬಣ್ಣ ತಿರುಗಿತು.

ಅವಳು ಕರಣಿ ಕೆಳಗಿಟ್ಟು ಬೆರಳಿನಿಂದ ಬಿಡಿಸಿದಳು. ಮಸಿ ಹಿಡಿದ ಒಂದು ಕಲ್ಲು. ಅದರ ಎದುರಿಗೆ ಇನ್ನೊಂದು, ಪಕ್ಕದಲ್ಲಿ ಮತ್ತೊಂದು. ನಡುವೆ ಬೂದಿ. ಅದು ಒಲೆ.

ಬೂದಿಯ ಕೆಳಗೆ ತೆಳ್ಳಗೆ ಹೊಳೆಮಣ್ಣು. ಅದರ ಕೆಳಗೆ ಮತ್ತೆ ಬೂದಿ. ಮತ್ತೆ ಹೊಳೆಮಣ್ಣು, ಮತ್ತೆ ಬೂದಿ. ಪ್ರತಿ ಮಳೆಗಾಲ ಹೊಳೆ ಬಂದು ಒಲೆ ಮುಚ್ಚಿತ್ತು. ಪ್ರತಿ ಸಲ ನೀರು ಇಳಿದ ಮೇಲೆ ಯಾರೋ ಬಂದು ಕಲ್ಲು ಎತ್ತಿ, ಅದೇ ಜಾಗದಲ್ಲಿ ಇಟ್ಟು ಬೆಂಕಿ ಹಚ್ಚಿದ್ದರು.

ಪಕ್ಕದಲ್ಲಿ ಒಂದು ಬಟ್ಟಲು ಇತ್ತು. ಒಬ್ಬರು ಉಣ್ಣುವಷ್ಟು. ಸುತ್ತ ನಾಲ್ಕಾರು ಮೀನಿನ ಮುಳ್ಳು. ಅದರಾಚೆ ಬಡಿದು ಗಟ್ಟಿ ಮಾಡಿದ ನೆಲ, ಒಂದು ಮೈ ಚಾಚುವಷ್ಟೇ ಅಗಲ.

ಹುಲಿಗೆಮ್ಮ ಗುಂಡಿಯಲ್ಲೇ ಕುಳಿತುಬಿಟ್ಟಳು.

“ಅಜ್ಜಾರ!” ಎಂದು ಕೂಗಿದಳು. ಗುರುಗಳು ಬಂದು ಅಂಚಿನಲ್ಲಿ ನಿಂತರು.

“ಎಲ್ಲಾರೂ ಹೋದ ಮ್ಯಾಲೂ ಇಲ್ಲಿ ಒಬ್ಬಾಕಿ ಇದ್ದಳ್ರಿ.”

“ಹೆಂಗಸು ಅಂತ ಹೆಂಗ ಗೊತ್ತು?”

“ಗೊತ್ತಿಲ್ರಿ.”

“ಒಬ್ಬರ ಇದ್ರು ಅಂತ?”

“ಅದು ಗೊತ್ತೈತ್ರಿ.”

ಗುರುಗಳು ಅಂಚಿನ ಮೇಲೆ ಕುಳಿತರು.

“ಎಲ್ಲಾರೂ ಹೋದಾಗ ಈಕಿ ಯಾಕ ಹೋಗಲಿಲ್ರಿ?”

“ನೀ ಯಾಕ ಹೋಗಲಿಲ್ಲ?”

ಅವಳು ಬಟ್ಟಲಿನ ಅಂಚಿನ ಮಣ್ಣು ಒರೆಸುತ್ತ ಹೇಳಿದಳು:

“ನನ್ನ ಗಂಡನ್ನ ಇಲ್ಲೇ ಮಣ್ಣು ಮಾಡೀವಲ್ರಿ.”

ಅವಳು ಆ ದಿನ ಹೊತ್ತು ಮುಳುಗುವ ತನಕ ಮೇಲೆ ಬರಲಿಲ್ಲ. ಅತ್ತಳೋ ಇಲ್ಲವೋ ಗೊತ್ತಿಲ್ಲ. ಮೇಲೆ ಕುಳಿತವರು ಬಗ್ಗಿ ನೋಡಲಿಲ್ಲ.

ಗಂಟು ಕಟ್ಟಿದಂತೆಯೇ ಇತ್ತು. ಅವಳು ಹೋಗುವ ಮಾತು ಮತ್ತೆ ಎತ್ತಲಿಲ್ಲ. ಬೂದಿಯ ಪದರಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದಳು.

ಒಂದು ಮಧ್ಯಾಹ್ನ ಕನಕವ್ವ ತಪ್ಪಿಸಿಕೊಂಡ ಮೇಕೆ ಹುಡುಕುತ್ತ ಆ ಕಡೆ ಬಂದಳು. ಗುಂಡಿ ನೋಡಿ ನಿಂತಳು. ಹೋಗಬೇಕೆಂದುಕೊಂಡವಳು ಹೋಗಲಿಲ್ಲ.

“ಯಾರ ಒಲಿ ಇದು?”

“ಗೊತ್ತಿಲ್ಲ ಯಕ್ಕಾ. ಊರು ಖಾಲಿ ಇದ್ದಾಗ ಒಬ್ಬರ ಇದ್ರು. ಭಾಳ ವರ್ಷ ಇದ್ರು.”

ಹುಲಿಗೆಮ್ಮ ಅಷ್ಟೇ ಹೇಳಿದಳು. ಇನ್ನೊಂದು ಮಾತು ಬಾಯಿಗೆ ಬರಲಿಲ್ಲ.

ಕನಕವ್ವ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಳು. ಬಟ್ಟಲು ನೋಡಿದಳು. ಆ ಗಟ್ಟಿ ನೆಲ ನೋಡಿದಳು.

“ದಿನಾ ಯಾರ ಜೋಡಿ ಮಾತಾಡ್ತಿದ್ದಳೋ ಏನೋ,” ಅಂದಳು.

ಮೇಕೆ ಎಲ್ಲೋ ಕೂಗಿತು. ಅವಳು ಎದ್ದು ಹೋದಳು.

ಮರುದಿನ ಕೆಳಗಿನ ಕೇರಿಯ ನಾಲ್ಕು ಹೆಂಗಸರು ಬಂದರು. ಅದರ ಮರುದಿನ ಮೇಲಿನ ಕೇರಿಯವರು ಬಂದರು. ಬಂದವರು ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ನೋಡಿ, ಸ್ವಲ್ಪ ಹೊತ್ತು ನಿಂತು, ಹೋಗುತ್ತಿದ್ದರು. ಯಾರೋ ಅಂಚಿನ ಮೇಲೆ ಎರಡು ಕಣಗಿಲೆ ಹೂವಿಟ್ಟಿದ್ದರು. ವಾರದೊಳಗೆ ಊರೇ ಬಂದು ಹೋಯಿತು. ಸಂಜೆಗೆ ಮಾತ್ರ ಹುಲಿಗೆಮ್ಮ ಒಬ್ಬಳೇ.

ಆಮೇಲೆ ಹಿರಿಯರು ಬಂದರು. ಅವರ ಹಿಂದೆ ಜನ ಬಂದರು.

ಮುದಿಗೌಡ ಗುಂಡಿಯೊಳಗೆ ಬಗ್ಗಿ ನೋಡಿದ.

“ಈ ಬಟ್ಟಲದ ಅಂಚು ನೋಡ್ರಿ. ನಮ್ಮ ಹಿತ್ತಲದಾಗ ಸಿಕ್ಕ ಗಡಿಗಿ ಅಂಚಿನಂಗ ಐತಿ. ಎಲ್ಲಾರೂ ಊರು ಬಿಟ್ರೂ ನಮ್ಮ ಹಿರೇಮನುಷ್ಯ ಬಿಟ್ಟಿಲ್ಲ. ಅಂದ ಮ್ಯಾಲೆ ಮೊದಲಿಂದ ಇದ್ದವರು ನಾವ.”

“ಮೀನಿನ ಮುಳ್ಳು ಕಾಣವಲ್ಲವೇನು ಗೌಡ್ರಿಗೆ?” ಅಂದ ಯಂಕಪ್ಪ. “ಹೊಳಿ ಬಂದ್ರೂ ಹೆದರದಾಕಿ ಅಂಬಿಗರಾಕೀನ. ಈಕಿ ನಮ್ಮಾಕಿ.”

“ಬಾಯಿ ಬಿಗಿ ಹಿಡಿ!”

“ನೀವು ಹಿಡೀರಿ!”

ಮುದಿಗೌಡ ಹುಲಿಗೆಮ್ಮನ ಕಡೆ ತಿರುಗಿದ. ಕಟ್ಟೆಯ ಮೇಲೆ ಆ ಮಾತು ಆಡಿದ ಮೇಲೆ ಅವನು ಅವಳ ಮುಖ ನೋಡಿದ್ದು ಅದೇ ಮೊದಲು.

“ಅಗದಾಕಿ ನೀನು. ಹೇಳು. ಯಾರವರು ಇವರು?”

ಅವಳ ನಾಲಿಗೆಯ ತುದಿಗೆ ಒಂದು ಮಾತು ಬಂತು. ಅವರು ಒಬ್ಬರೇ ಇದ್ದಾಗ ನೀವು ಯಾರೂ ಇರಲಿಲ್ಲ, ಈಗ ಎಲ್ಲರೂ ಬಂದಿದ್ದೀರಿ ಎನ್ನುವ ಮಾತು. ಅವಳು ಅದನ್ನು ನುಂಗಿದಳು.

“ನನಗ ಗೊತ್ತಿಲ್ರಿ ಗೌಡ್ರ.”

ಕೂಗಾಟ ಜೋರಾಯಿತು. ಒಬ್ಬ ಓಡಿಹೋಗಿ ಘಟ್ಟದ ಬೇಲಿಯಿಂದ ಒಂದು ಹೊರೆ ಜಾಲಿಮುಳ್ಳು ಎಳೆದುಕೊಂಡು ಬಂದ. ಗುಂಡಿಗೆ ಬೇಲಿ ಹಾಕುವುದಕ್ಕೆ.

ಆಗ ಪಂಪಯ್ಯನವರು ಎದ್ದು ನಿಂತರು.

“ಇವರು ನಮ್ಮವರು ಅಂತ ಯಾರು ಅಂತೀರೋ ಅವರು ಒಳಗ ಇಳೀರಿ,” ಅಂದರು. “ಒಬ್ಬರ ಇಳೀಬೇಕು. ಬೆಳಿಗ್ಗಿಂದ ಸಂಜೀತನಕ ಕುಂದ್ರಬೇಕು. ಉಳಿದವರು ಮನಿಗೆ ನಡೀರಿ. ಒಳಗಿದ್ದವರು ಕರದ್ರೂ ಯಾರೂ ಬರಬ್ಯಾಡ್ರಿ.”

“ಅಷ್ಟ ಹೌದಲ್ರಿ? ನಾಳೆ ನಾ ಇಳೀತೀನಿ,” ಅಂದ ಮುದಿಗೌಡ.

ಮರುದಿನ ಸೂರ್ಯ ಮೂಡುವಾಗ ಅವನು ಒಬ್ಬನೇ ಬಂದು ಗುಂಡಿಗೆ ಇಳಿದ. ಒಲೆಯ ಪಕ್ಕದಲ್ಲಿ, ಆ ಗಟ್ಟಿ ನೆಲದ ಮೇಲೆ ಕುಳಿತ. ಸುತ್ತಲೂ ಮಣ್ಣಿನ ಗೋಡೆ ಅವನ ತಲೆಗಿಂತ ಎತ್ತರ. ಮೇಲೆ ಒಂದು ತುಂಡು ಆಕಾಶ.

ಗುರುಗಳು ಹುಲಿಗೆಮ್ಮನನ್ನು ಕರೆದುಕೊಂಡು ದೂರದ ಬಂಡೆಯ ಮೇಲೆ ಹೋಗಿ ಕುಳಿತರು. ಅಲ್ಲಿಂದ ಮಂಟಪ ಕಾಣುತ್ತಿತ್ತು, ಗುಂಡಿ ಕಾಣುತ್ತಿರಲಿಲ್ಲ.

ಬಿಸಿಲು ಏರಿತು. ನಡುಮಧ್ಯಾಹ್ನವಾಯಿತು.

“ಯಾರರ ಅದೀರೇನ?” ಎಂದು ಕೂಗು ಕೇಳಿಸಿತು.

ಇಬ್ಬರೂ ಏಳಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿಸಿತು. ಈ ಸಲ ದನಿಯಲ್ಲಿ ಗೌಡಿಕೆ ಇರಲಿಲ್ಲ.

“ಯಾರರ... ಅದೀರೇನ?”

ಹುಲಿಗೆಮ್ಮ ಎದ್ದಳು. ಚರಿಗೆಯಲ್ಲಿ ನೀರು ತುಂಬಿಕೊಂಡಳು. ಗುರುಗಳ ಕಡೆ ನೋಡದೆ ನಡೆದಳು.

ಗುಂಡಿಯ ಅಂಚಿಗೆ ಬಂದು ಚರಿಗೆ ಕೆಳಗೆ ಚಾಚಿದಳು. ಮುದಿಗೌಡ ಎರಡೂ ಕೈ ಒಡ್ಡಿದ. ಅವಳು ಸುರಿದಳು. ಅವನು ಬೊಗಸೆಯಲ್ಲಿ ಕುಡಿದ. ಕುಡಿದು ಮುಖ ಒರೆಸಿಕೊಳ್ಳಲಿಲ್ಲ.

“ಹುಲಿಗೆಮ್ಮಾ,” ಅಂದ. “ಇವ ಕೂಗಿದಾಗ ಯಾರು ಬಂದಿರಬೇಕು?”

“ಯಾರೂ ಬಂದಿರಲಿಕ್ಕಿಲ್ರಿ.”

ಅವನು ಒಲೆಯ ಕಲ್ಲಿನ ಮೇಲೆ ಕೈಯಿಟ್ಟ.

“ಆದ್ರೂ ಕೂಗಿರಬೇಕು.”

“ಕೂಗಿರಬೇಕ್ರಿ.”

“ನೀ ಹೋಗವ್ವಾ. ನಾ ಸಂಜೀತನಕ ಕುಂದ್ರತೀನಿ.”

ಅವಳು ಬಂಡೆಗೆ ವಾಪಸು ಬಂದು ಗುರುಗಳ ಮುಂದೆ ನಿಂತಳು.

“ಯಾರೂ ಹೋಗಬ್ಯಾಡ್ರಿ ಅಂದಿದ್ದೆ,” ಅಂದರು ಪಂಪಯ್ಯನವರು.

“ಕರದ್ರು ಅಜ್ಜಾರ. ನನಗ ಕೇಳಿಸ್ತು.”

ಗುರುಗಳು ಬಂಡೆಯ ಮೇಲೆ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿದರು.

ಸಂಜೆ ಮುದಿಗೌಡ ಮೇಲೆ ಹತ್ತಿದ. ಜನ ಊರ ಬಾಗಿಲಲ್ಲಿ ಕಾಯುತ್ತಿದ್ದರು. ನಮ್ಮವರೇ ಹೌದಲ್ಲೋ ಎಂದು ಕೇಳಿದರು. ಅವನು ಅವರ ನಡುವೆಯೇ ಹಾದು, ಮನೆಗೆ ಹೋಗಿ, ಬಾಗಿಲು ತೆರೆದೇ ಇಟ್ಟು ಮಲಗಿದ.

ಮರುದಿನ ಯಂಕಪ್ಪನ ಸರದಿ. ಅವನು ಗುಂಡಿಯ ಅಂಚಿನ ತನಕ ಬಂದು ನಿಂತ. ಕೆಳಗೆ ನೋಡಿದ.

“ನಾ ಇಳಿಯೂದಿಲ್ರಿ ಅಜ್ಜಾರ,” ಅಂದ. “ಒಮ್ಮೆ ಹೊಳಿ ತುಂಬಿದಾಗ ದೋಣಿ ನಡುಗಡ್ಡಿಗೆ ಸಿಕ್ಕು ಒಬ್ಬನ ಉಳದಿದ್ದೆ. ನೀರು ಇಳಿಯೂತನಕ ಒಂದ ಸವನ ಕೂಗೀನಿ. ಇವರ ಸುದ್ದಿ ನನಗ ಇಳೀದ ಗೊತ್ತೈತಿ.”

ತಿರುಗಿ ಹೊರಟವನು ನಿಂತು ಮತ್ತೆ ಅಂದ:

“ನಮ್ಮಾಕಿ ಅಂದಿದ್ದು ತಪ್ಪಾತು.”

ಆ ಮೇಲೆ ಯಾರವರು ಎಂದು ಯಾರೂ ಕೇಳಲಿಲ್ಲ. ಘಟ್ಟದ ಬೇಲಿ ಒಂದು ಕಡೆ ಸರಿದಿತ್ತು. ಸರಿಯಾಗಿ ಒಂದು ದೋಣಿ ಹಾಯುವಷ್ಟು ದಾರಿ. ಮುಳ್ಳು ಎಳೆದವರು ಮುದಿಗೌಡನ ಮನೆಯ ಆಳುಗಳೆಂದು ಕೆಲವರು ಹೇಳಿದರು. ಉಳಿದ ಬೇಲಿ ಹಾಗೆಯೇ ಇತ್ತು. ಜಗಳವೂ ಪೂರ್ತಿ ಹೋಗಲಿಲ್ಲ, ದನಿ ಮಾತ್ರ ತಗ್ಗಿತು.

ಹುಲಿಗೆಮ್ಮನನ್ನು ಮತ್ತೆ ಕೂಲಿಗೆ ಕರೆದರು. ಕರೆದವರು ಹೆಸರು ಹಿಡಿದು ಕರೆದರು. ಕೆಲಸ ಮುಗಿದ ಮೇಲೆ ಅವರು ತಮ್ಮ ಮನೆಗೆ ಹೋದರು, ಅವಳು ಮಂಟಪಕ್ಕೆ ಬಂದಳು.

ಹೊಳೆ ಹುಟ್ಟುವ ಬೆಟ್ಟಗಳಲ್ಲಿ ಮಳೆ ಹಿಡಿಯಿತೆಂದು ಸುದ್ದಿ ಬಂತು. ಹೊಳೆಯ ನೀರು ಕೆಂಪಾಯಿತು.

“ಮುಚ್ಚೂಣು,” ಅಂದರು ಪಂಪಯ್ಯನವರು. “ಇಲ್ಲಂದ್ರ ಹೊಳಿ ಕೊಚ್ಚಿಕೊಂಡು ಹೋಗತೈತಿ.”

ಒಲೆ, ಬಟ್ಟಲು, ನೆಲ ಎಲ್ಲವೂ ಇದ್ದಲ್ಲೇ ಇರಲಿ ಎಂದರು. ಕನಕವ್ವ ಒಂದಿಷ್ಟು ನುಣ್ಣನೆಯ ಮರಳು ತಂದು ಕೊಟ್ಟು ಹೋದಳು. ಹುಲಿಗೆಮ್ಮ ಅದನ್ನು ಒಲೆಯ ಮೇಲೆ ಹಗುರಾಗಿ ಹರಡಿದಳು.

“ತಡಿ,” ಅಂದರು ಗುರುಗಳು. “ಮಣ್ಣು ಹಾಕೂ ಮುಂದ ನಮ್ಮ ಕಾಲದ್ದು ಏನರ ಒಂದು ಇಡಬೇಕು. ಮುಂದ ಅಗೀಯೋರಿಗೆ, ಇಲ್ಲಿತನಕ ಒಬ್ಬರು ಬಂದು ನೋಡಿ ಹೋಗ್ಯಾರ ಅಂತ ತಿಳೀಬೇಕು. ನಾವು ಅಗಿಯೋ ಮಂದಿ ಹಿಂದಿಂದ ಹಂಗ ಮಾಡ್ಕೋತ ಬಂದೀವಿ.”

“ಏನು ಇಡ್ಲಿರಿ?”

“ನಿಂದು ಏನರ.”

ಅವಳು ಸೊಂಟದ ಚೀಲ ತಡಕಾಡಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ. ಅದರ ಕೆಳಗೆ ತಲೆ ಬಾಚುವ ಹಣಿಗೆ ಸಿಕ್ಕಿತು. ಕೆಂಪು ಪ್ಲಾಸ್ಟಿಕ್ಕಿನದು, ಒಂದೆರಡು ಹಲ್ಲು ಮುರಿದದ್ದು. ಅವಳು ಅದರಲ್ಲಿ ಸಿಕ್ಕಿಕೊಂಡಿದ್ದ ಕೂದಲು ತೆಗೆದು, ಸೆರಗಿನಿಂದ ಒರೆಸಿ, ಗುಂಡಿಗೆ ಇಳಿದು ಮರಳಿನ ಮೇಲೆ ಇಟ್ಟಳು.

ಇಬ್ಬರೂ ಮಣ್ಣು ಎಳೆದರು. ಮುದುಕರು ಕೋಲಿನಿಂದ ನೂಕುತ್ತಿದ್ದರು, ಅವಳು ಕೈಯಿಂದ ತುಂಬುತ್ತಿದ್ದಳು. ಗುಂಡಿ ಅರ್ಧ ತುಂಬಿದಾಗ ಅವಳು ನಿಂತಳು. ಕೆಂಪು ಬಣ್ಣ ಕಾಣುತ್ತಿರಲಿಲ್ಲ.

“ಅಜ್ಜಾರ.”

“ಏನವ್ವಾ?”

“ಮುಂದ ಅಗೀಯೋರಿಗೆ ಅದು ಹುಲಿಗೆಮ್ಮಂದು ಅಂತ ಗೊತ್ತಾಗತೈತೇನ್ರಿ?”

“ಗೊತ್ತಾಗೂದಿಲ್ಲ,” ಅಂದರು ಪಂಪಯ್ಯನವರು. “ಆದ್ರ ಅಲ್ಲಿಗೆ ಬಂದಾಗ ಅವರ ಕೈ ತಾನ ಮೆತ್ತಗಾಗತೈತಿ.”